ಮೂವತ್ತೊಂದು ನೇಗಿಲು

ರೋಣದ ಕಚೇರಿಯಲ್ಲಿ ಚುನಾವಣೆಯ ಕಾಗದ ನೋಡುವ ಕಾರಕೂನರು ನಾನು ಕೊಟ್ಟ ರಸೀದಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹಾಸುತ್ತ ಹೋದರು. ಮೊದಲ ಸಾಲು ತುಂಬಿತು, ಎರಡನೆಯದು ತುಂಬಿತು. ಮೂರನೆಯ ಸಾಲಿಗೆ ಜಾಗ ಸಾಲದೆ ಮಸಿಯ ದೌತಿಯನ್ನು ಎತ್ತಿ ಕಿಟಕಿಯಲ್ಲಿಟ್ಟರು. ನಾನು ಎದುರಿಗೆ ನಿಂತು, ನನ್ನ ಅಕ್ಷರದ ಬಗ್ಗೆ ಒಂದು ಒಳ್ಳೆಯ ಮಾತು ಬಂದೀತು ಎಂದು ಕಾಯುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಗಜೇಂದ್ರಗಡದ ಪೇಟೆಯಲ್ಲಿ ನನ್ನ ಅಕ್ಷರಕ್ಕೆ ಹೆಸರಿತ್ತು.

ಕಾರಕೂನರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಒಂದು ರಸೀದಿಯಲ್ಲಿ ಹೆಸರಿನ ಪಕ್ಕಕ್ಕಿದ್ದ ನೇಗಿಲಿನ ಚಿತ್ರದ ಮೇಲೆ ಬೆರಳಿಟ್ಟರು.

"ಈ ನೇಗಿಲಾ ಯಾರು ತೆಗದಾರ?"

"ನಾನ ರೀ."

"ಇದು?"

"ಅದೂ ನಾನ ರೀ."

"ಮೂವತ್ತೊಂದೂ?"

ಹೌದೆಂದು ತಲೆಯಾಡಿಸಿದೆ. ಇನ್ನೂ ನನಗೆ ಹೊಗಳಿಕೆಯ ಆಸೆ ಬಿಟ್ಟಿರಲಿಲ್ಲ.

"ಛಲೋ ತೆಗದೀರಿ," ಎಂದರು ಅವರು. "ಆದ್ರ ಇವು ರಸೀದಿ ಅಲ್ಲ. ಮೂವತ್ತೊಂದು ಮಂದಿ ಸಹಿ ಒಬ್ಬನ ಕೈಯಾಗ ಹುಟ್ಟಿದ್ರ ಅದಕ್ಕ ಕಾಯಿದೆಯೊಳಗ ಬ್ಯಾರೆ ಹೆಸರೈತಿ."

ಆ ಹೆಸರು ಏನೆಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ದೇಶದ ಮೊದಲ ಸಾರ್ವತ್ರಿಕ ಚುನಾವಣೆ ಮುಗಿದಿದ್ದ ಬೇಸಿಗೆ ಅದು. ಸವಡಿಯ ಒಬ್ಬ ದೊಡ್ಡ ರೈತರು ಯಾವ ಪಕ್ಷದ ಹಂಗೂ ಇಲ್ಲದೆ ಉಮೇದುವಾರರಾಗಿ ನಿಂತು, ಭರ್ಜರಿಯಾಗಿ ಸೋತಿದ್ದರು. ಅವರ ಹತ್ತಿ ನಾನು ಗುಮಾಸ್ತನಾಗಿದ್ದ ಅಡತಿ ಅಂಗಡಿಗೆ ಬರುತ್ತಿತ್ತು. ನಾಮಪತ್ರ ಹಾಕುವಾಗ ಅವರು ನಮ್ಮ ಸಾಹುಕಾರರಿಗೆ, "ನಿಮ್ಮ ಗುಮಾಸ್ತನ ಅಕ್ಷರ ಮುತ್ತಿನಂಗ ಅದಾವ, ಅವನ್ನ ನನಗ ಕೊಡ್ರಿ," ಎಂದು ಕೇಳಿ, ನನ್ನನ್ನು ತಮ್ಮ ಚುನಾವಣಾ ಏಜೆಂಟನನ್ನಾಗಿ ಮಾಡಿಕೊಂಡರು. ಮುತ್ತು ಎಂದದ್ದಕ್ಕೇ ನಾನು ಉಬ್ಬಿ ಒಪ್ಪಿಕೊಂಡೆ. ಎಣಿಕೆ ಮುಗಿದರೆ ನನ್ನ ಕೆಲಸವೂ ಮುಗಿಯಿತು ಎಂದುಕೊಂಡಿದ್ದೆ. ಖರೇ ಕೆಲಸ ಆಮೇಲೆ ಬಂತು.

ಗೆದ್ದವರಾಗಲಿ ಸೋತವರಾಗಲಿ, ನಿಂತವರೆಲ್ಲ ಚುನಾವಣೆಯ ಖರ್ಚಿನ ತಖ್ತೆ ಕೊಡಬೇಕಿತ್ತು. ಹಣ ಯಾರಿಂದ ಬಂತು, ಯಾರಿಗೆ ಹೋಯಿತು, ಯಾವ ದಿನ, ಯಾವ ಕೆಲಸಕ್ಕೆ ಎಂದು ಅಂಕಣ ಅಂಕಣವಾಗಿ ತುಂಬಬೇಕು. ಟಪಾಲು, ರೈಲು ಟಿಕೀಟಿನಂಥ ಸಣ್ಣಪುಟ್ಟ ಖರ್ಚು ಬಿಟ್ಟರೆ ಪ್ರತಿ ಪಾವತಿಗೂ ರಸೀದಿ ಹಚ್ಚಬೇಕು. ಉಮೇದುವಾರರೂ ಏಜೆಂಟನೂ ಮ್ಯಾಜಿಸ್ಟ್ರೇಟರ ಎದುರು ನಿಂತು ಇದೆಲ್ಲ ನಿಜವೆಂದು ಪ್ರಮಾಣ ಮಾಡಬೇಕು. ಒಮ್ಮೆ ಸಲ್ಲಿಸಿದ ಮೇಲೆ ಆ ತಖ್ತೆ ಕಚೇರಿಯ ಗುಟ್ಟಲ್ಲ. ಒಂದು ರೂಪಾಯಿ ಕಟ್ಟಿದ ಯಾರೇ ಆಗಲಿ ಬಂದು ನೋಡಬಹುದು. ಇಷ್ಟನ್ನು ಓದಿದಾಗ ನನಗೆ ಭಯವಾಗಿರಲಿಲ್ಲ, ಲೆಕ್ಕ ನನ್ನ ಅನ್ನ. ಭಯ ಹುಟ್ಟಿಸಿದ್ದು ಕೊನೆಯ ಭಾಗ. ವಾಯಿದೆಯೊಳಗೆ ತಖ್ತೆ ಬರದಿದ್ದರೆ, ಅಥವಾ ಬಂದದ್ದು ಸುಳ್ಳಾದರೆ, ಉಮೇದುವಾರ ಮುಂದಿನ ಸಲ ನಿಲ್ಲುವಂತಿಲ್ಲ. ಅವರು ಮತ್ತು ಏಜೆಂಟ, ಇಬ್ಬರೂ ಮತ ಹಾಕುವಂತಿಲ್ಲ.

ಮತ ಹೋದರೆ ಏನು ಹೋಯಿತು ಎಂದು ಇಂದಿನವರು ನಕ್ಕಾರು. ನನ್ನ ಅಪ್ಪ ಜೀವಮಾನವೆಲ್ಲ ಊರಮಂದಿಯ ಕಂದಾಯದ ಕಾಗದ ಬರೆದ. ತನ್ನ ಹೆಸರಿಗೆ ಗೇಣು ಭೂಮಿ ಇಲ್ಲ, ಕಂದಾಯವಿಲ್ಲ; ಆ ಕಾಲದಲ್ಲಿ ಅಂಥವರಿಗೆ ಮತವೂ ಇರಲಿಲ್ಲ. ಮತದ ದಿನ ಊರ ಧಣಿಗಳ ಟಾಂಗಾ ಹೋಗುವುದನ್ನು ಅವನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ನಾನು ಈ ಸಲ ಸಾಲಿನಲ್ಲಿ ನಿಂತು ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದು, ಅದನ್ನು ನಾಲ್ಕು ದಿನ ಊಟ ಮಾಡುವಾಗಲೂ ನೋಡಿದ್ದೆ. ಸಿಕ್ಕ ಮೊದಲ ವರ್ಷವೇ ಅದನ್ನು ನನ್ನ ಕೈಯಾರೆ ಕಳೆದುಕೊಳ್ಳುವ ಹೊತ್ತು ಬಂದಿತ್ತು.

ನನ್ನ ತಪ್ಪು ಏನೆಂದು ಹೇಳಬೇಕು. ನಮ್ಮ ಕಡೆ ಹಳೆಯ ಬರಹಗಾರರಲ್ಲಿ ಒಂದು ಪದ್ಧತಿ ಇತ್ತು. ಅಕ್ಷರ ಬಾರದ ರೈತ ಕಾಗದಕ್ಕೆ ಸಹಿ ಹಾಕಬೇಕಾದರೆ, ಬರೆಯುವವನೇ ಅವನ ಹೆಸರು ಬರೆದು ಪಕ್ಕದಲ್ಲಿ ನೇಗಿಲ ನಿಶಾನಿ ತೆಗೆಯುತ್ತಿದ್ದ. ಬಡಿಗನಾದರೆ ಬಾಚಿ, ಅಕ್ಕಸಾಲಿಗನಾದರೆ ಚಿಮಟಿಗೆ. ಆಮೇಲೆ ಮಸಿಯಲ್ಲಿ ಅದ್ದಿದ ಟಾಕನ್ನು ಆ ಮನುಷ್ಯನ ಮುಂದೆ ಹಿಡಿದರೆ ಅವನು ಬೆರಳಿಂದ ಅದನ್ನು ಮುಟ್ಟುತ್ತಿದ್ದ. ಮುಟ್ಟಿದರೆ ಸಹಿ ಆದ ಹಾಗೆ. ಇದನ್ನು ನನಗೆ ಕಲಿಸಿದವನು ಅಪ್ಪ. ಕೋರ್ಟು ಕಚೇರಿಗಳಲ್ಲಿ ಹೆಬ್ಬೆಟ್ಟು ಬಂದು ಎಷ್ಟೋ ಕಾಲವಾಗಿದ್ದರೂ ಪೇಟೆಯ ಚೀಟಿಗಳಲ್ಲಿ ನಾನು ನೇಗಿಲನ್ನೇ ನಡೆಸಿಕೊಂಡು ಬಂದಿದ್ದೆ. ಅಂಗಡಿಯಲ್ಲಿ ಯಾರೂ ತಕರಾರು ಮಾಡಿರಲಿಲ್ಲ, ನೇಗಿಲು ಅಷ್ಟು ಅಂದವಾಗಿರುತ್ತಿತ್ತು.

ಉಮೇದುವಾರರ ಪರವಾಗಿ ಕರಪತ್ರ, ಗ್ಯಾಸ್ ಬತ್ತಿ, ಭಾಷಣ ಮಾಡುವವರನ್ನು ಹೊತ್ತು ಊರೂರು ತಿರುಗಿದ ಬಂಡಿಗಳು ಮೂವತ್ತೊಂದು. ಬಾಡಿಗೆ ಕೊಟ್ಟದ್ದು ನಿಜ. ಬಂಡಿಯವರು ನನ್ನ ಟಾಕು ಮುಟ್ಟಿದ್ದೂ ನಿಜ. ಮತದಾರರನ್ನು ಬಂಡಿಯಲ್ಲಿ ಹೇರಿಕೊಂಡು ಬರಬಾರದು ಎಂಬ ಕಾಯಿದೆಗೆ ಹೆದರಿ ಮತದ ದಿನ ಒಂದು ಬಂಡಿಯನ್ನೂ ಹೂಡಗೊಟ್ಟಿರಲಿಲ್ಲ. ಉಮೇದುವಾರರ ಹೆತ್ತ ತಾಯಿಯೇ ಮಗನನ್ನು ಬೈಯುತ್ತ ನಡೆದು ಹೋಗಿ ಮತ ಹಾಕಿ ಬಂದಿದ್ದಳು. ಇಷ್ಟೆಲ್ಲ ನೇಮ ಪಾಲಿಸಿದವನು ನೇಗಿಲಿನಲ್ಲಿ ಸಿಕ್ಕಿಬಿದ್ದೆ.

"ಹೆಬ್ಬೆಟ್ಟು ತರ್ರಿ," ಎಂದರು ಕಾರಕೂನರು ರಸೀದಿಗಳನ್ನು ಕೂಡಿಸಿ ನನ್ನ ಕಡೆ ಸರಿಸುತ್ತ. "ಪ್ರತಿಯೊಂದಕ್ಕೂ ಊರಾಗಿನ ಅಕ್ಷರ ಬಲ್ಲವರೊಬ್ಬರ ಸಾಕ್ಷಿ. ಒಂಬತ್ತು ದಿನ ಐತಿ. ಹತ್ತನೇ ದಿನ ಬಂದ್ರ ನನ್ನ ಮಾರಿ ನೋಡಿ ಹೋಗಬೇಕಷ್ಟ."

ಇಂಗು ತಿಂದ ಮಂಗನ ಹಾಗೆ ಹೊರಗೆ ಬಂದೆ. ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಬಾಂಡು ಬರೆದು ಹೊಟ್ಟೆ ಹೊರೆಯುವ ನನ್ನ ಹಳೆಯ ಪರಿಚಯದವರೊಬ್ಬರು ಕೂತಿದ್ದರು. ನನ್ನ ಮುಖ ನೋಡಿಯೇ ಏನಾಯಿತೆಂದು ಕೇಳಿದರು. ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ನಕ್ಕರು.

"ಇದಕ್ಯಾಕ ಊರೂರು ಅಲೀತಿ? ನಾಳೆ ಸಂತಿ. ಬಂದವರಿಗೆ ಒಂದೊಂದು ಕಪ್ಪು ಚಾ ಕುಡಿಸು, ಮೂವತ್ತೊಂದು ಹೆಬ್ಬೆಟ್ಟು ಬೀಳತಾವ. ಹೆಬ್ಬೆಟ್ಟಿನ ಮ್ಯಾಲೆ ಏನ ಹೆಸರು ಬರದಿರತೈತಿ?"

ಅದೇ ಹೊತ್ತಿಗೆ ಅವರ ಹತ್ತಿರವೇ ಇದ್ದ ಕರಿ ಶಾಯಿಯ ಡಬ್ಬಿಯನ್ನು ನನಗೆ ಮಾರಿದರು. ಡಬ್ಬಿ ಕೊಂಡದ್ದು ಯಾವ ಕೆಲಸಕ್ಕೆ ಎಂದು ಆ ಕ್ಷಣದಲ್ಲಿ ನನಗೇ ಗೊತ್ತಿರಲಿಲ್ಲ. ಮೋಟರ್ ನಿಲ್ಲುವ ಜಾಗಕ್ಕೆ ಬರುವತನಕ ಸಂತೆಯ ಹೆಬ್ಬೆಟ್ಟುಗಳೇ ಕಣ್ಣ ಮುಂದೆ ಕುಣಿದವು. ಬೇಡವೆಂದು ಬಿಟ್ಟದ್ದು ಧರ್ಮದ ಭಯಕ್ಕಲ್ಲ, ಮ್ಯಾಜಿಸ್ಟ್ರೇಟರ ಎದುರಿನ ಪ್ರಮಾಣದ ಭಯಕ್ಕೆ. ನಾನು ಸುಳ್ಳು ಹೇಳಿದರೆ ನನ್ನ ಎಡಗಣ್ಣು ಹೊಡೆದುಕೊಳ್ಳುತ್ತದೆ. ನನ್ನ ಹೆಂಡತಿ ಅದನ್ನು ಮದುವೆಯಾದ ವರ್ಷವೇ ಕಂಡುಹಿಡಿದಿದ್ದಳು. ಮ್ಯಾಜಿಸ್ಟ್ರೇಟರು ಕಂಡುಹಿಡಿಯಲು ಅಷ್ಟೂ ಹೊತ್ತು ಬೇಕಿರಲಿಲ್ಲ.

ಮರುದಿನ ಸವಡಿಗೆ ಹೋದೆ. ಉಮೇದುವಾರರು ಕತೆಯೆಲ್ಲ ಕೇಳಿ ಹಣೆ ಹಣೆ ಬಡಿದುಕೊಂಡರು.

"ಗೆದ್ದವ ಸೋತ, ಸೋತವ ಸತ್ತ ಅಂತಾರಲ್ಲ, ಅದು ನನ್ನ ಸಲುವಾಗೇ ಹುಟ್ಟಿದ ಮಾತು. ನಾ ಇನ್ನೊಮ್ಮೆ ನಿಂದ್ರಾಂವ. ನಿನ್ನ ಚಿತ್ರಕಲೆಯಿಂದ ನನ್ನ ಹೆಸರು ಕೆಡಬಾರದು ನೋಡು."

ಅವರೇ ಅಂಗಳದಲ್ಲಿ ಕೂತು ಊರ ಬಂಡಿಯವರನ್ನು ಕರೆಸಿದರು. ಸಾಕ್ಷಿಗೆ ಸಾಲಿ ಕಲಿತ ಅವರ ಅಳಿಯನೇ ಇದ್ದ. ಹದಿನಾಲ್ಕು ಮಂದಿ ಬಂದರು, ಹದಿನಾಲ್ಕು ಹೆಬ್ಬೆಟ್ಟು ಬಿದ್ದವು. ಯಜಮಾನರ ಅಂಗಳದಲ್ಲಿ ಯಾರು ಯಾಕೆ ಎಂದು ಕೇಳುತ್ತಾರೆ? ಸಂಜೆಗೆ ನನಗೆ ಹಸಿವೂ ಆಯಿತು, ನಗುವೂ ಬಂತು. ಉಳಿದದ್ದು ಚಿಕ್ಕನರಗುಂದದ ಒಂಬತ್ತು, ಶಿರೋಳದ ಎಂಟು. ಮೂರು ದಿನದ ಕೆಲಸ ಎಂದು ಲೆಕ್ಕ ಹಾಕಿದೆ. ಲೆಕ್ಕದವನ ಲೆಕ್ಕ ಹೀಗೇ ತಪ್ಪುವುದು.

ಚಿಕ್ಕನರಗುಂದದಲ್ಲಿ ಮೊದಲು ಸಿಕ್ಕವನು ಒಬ್ಬ ಮುದುಕ. ಚುನಾವಣೆಯ ಹೊತ್ತಿನಲ್ಲಿ ನನಗೆ ಮಜ್ಜಿಗೆ ಕೊಟ್ಟು ಕಳಿಸಿದವನು. ಗುಡಿಯ ಕಟ್ಟೆಯ ಮೇಲೆ ಕೂತು, ಮಾತಾಡಿ, ರಸೀದಿ ತೆಗೆದು, ಶಾಯಿಯ ಡಬ್ಬಿಯ ಮುಚ್ಚಳ ತೆರೆದೆ. ಅವನು ಕೈ ಹಿಂದಕ್ಕೆ ಎಳೆದುಕೊಂಡ.

"ಇದ್ಯಾಕ್ರಿ?"

"ಏನಿಲ್ಲ, ಒಂದ ಹೆಬ್ಬೆಟ್ಟು. ಸರಕಾರದ ನೇಮ."

"ನಾ ಅವತ್ತ ಟಾಕು ಮುಟ್ಟೀನಲ್ಲ?"

"ಅದು ನಡಿಯೂದಿಲ್ಲಂತ."

ಅವನು ಡಬ್ಬಿಯನ್ನೇ ನೋಡಿದ. "ನಮ್ಮಪ್ಪ ಒಮ್ಮೆ ಇಂಥಾದ್ದರಾಗ ಬಟ್ಟು ಅದ್ದಿದ್ದ. ನಮ್ಮ ಹೊಲದಾಗ ಈಗ ಬ್ಯಾರೆ ಮಂದಿ ಜ್ವಾಳ ಬೆಳಿತಾರ. ನಿಮ್ಮ ಯಜಮಾನರು ಸೋತಾರ. ಕೊಟ್ಟ ಬಾಡಗಿ ಸಾಲ ಅಂತ ಬರಕೊಂಡು ಹೊಳ್ಳಿ ಕೇಳಾಕ ಬಂದೀರಿ ಹೌದಲ್ಲ?"

ಇಲ್ಲವೆಂದೆ, ದೇವರಾಣೆ ಎಂದೆ, ರಸೀದಿಯನ್ನು ಮೂರು ಸಲ ಓದಿ ಹೇಳಿದೆ. ಕಾಗದದಲ್ಲಿ ಒಂದಿದ್ದು ಬಾಯಲ್ಲಿ ಇನ್ನೊಂದನ್ನು ಓದುವ ಜನ ಅವನಿಗೆ ಹೊಸಬರಲ್ಲ. ನಾನು ಕಟ್ಟೆಯಿಂದ ಇಳಿಯುವುದರೊಳಗೆ ಸುದ್ದಿ ಊರು ಸುತ್ತಿತ್ತು. ಎರಡನೆಯವನು ಮನೆಯಲ್ಲಿಲ್ಲ ಎಂದು ಅವನೇ ಒಳಗಿಂದ ಹೇಳಿದ. ಮೂರನೆಯವನು ಬೀಗರ ಊರಿಗೆ ಹೋಗಿದ್ದ, ನಾಲ್ಕನೆಯವನಿಗೆ ಬಂಡಿಯೇ ಇರಲಿಲ್ಲವಂತೆ. ಮೂರು ದಿನ ಆ ಊರಿನಲ್ಲಿ ಸವೆಸಿದೆ. ಒಂದು ಹೆಬ್ಬೆಟ್ಟೂ ಬೀಳಲಿಲ್ಲ. ನೀರು ಕೇಳಿದರೆ ನೀರು ಕೊಟ್ಟರು, ರೊಟ್ಟಿ ಕೊಟ್ಟರು, ನನ್ನ ಡಬ್ಬಿ ಕಂಡರೆ ಮಾತ್ರ ಬಾಗಿಲು ಮುಂದಕ್ಕೆ ಬರುತ್ತಿತ್ತು.

ಮೂರನೆಯ ದಿನ ಅವರ ಮೇಲೆ ನನಗೆ ಸಿಟ್ಟು ಬಂತು. ಆಮೇಲೆ ನನ್ನ ಮೇಲೆ ಬಂತು, ಕೊನೆಗೆ ಸತ್ತ ಅಪ್ಪನ ಮೇಲೂ ಬಂತು. ಇನ್ನು ನಾಲ್ಕೇ ದಿನ ಉಳಿದಿದ್ದವು.

ಆರನೆಯ ದಿನ ಬೆಳಿಗ್ಗೆ ಶಿರೋಳ. ಅಲ್ಲಿ ನನ್ನ ಪಟ್ಟಿಯಲ್ಲಿ ಅಣ್ಣ ತಮ್ಮ ಇಬ್ಬರು ಇದ್ದರು; ಎರಡು ಬಂಡಿ, ಎರಡು ರಸೀದಿ. ಅಣ್ಣ ಹೊಲದಲ್ಲಿದ್ದಾನೆ ಎಂದು ಹೇಳಿದರು. ಬೇಸಿಗೆಯ ಎರಿ ಹೊಲ ಬಿರಿದು, ಒಂದೊಂದು ಮಣ್ಣಹೆಂಟೆ ಕುಂಬಳಕಾಯಿಯಷ್ಟಿತ್ತು. ಎಡವುತ್ತ ಹೋದೆ. ಅವನು ನಾಲ್ಕು ಎತ್ತು ಹೂಡಿ, ನೇಗಿಲಿಗಿಂತ ಆಳಕ್ಕೆ ನೆಲ ಸೀಳುವ ದೊಡ್ಡ ರಂಟೆ ಹೊಡೆಯುತ್ತಿದ್ದ. ನನ್ನನ್ನು ಕಂಡು ಎತ್ತು ನಿಲ್ಲಿಸಿದ.

"ನಿನ್ನ ತಮ್ಮ ಎಲ್ಲಿ?" ಎಂದು ಕೇಳಿದೆ, ಎರಡೂ ಒಮ್ಮೆಗೇ ಮುಗಿಯಲಿ ಎಂದು.

"ಅವ ಹೋದ. ಜ್ವರ ಬಂತು, ಐದನೇ ದಿನಕ್ಕ ಹೋದ. ನಿನ್ನೆ ತಿಂಗಳಾತು."

ಅವನ ತಮ್ಮ ಬಂಡಿ ಹೊಡೆಯುವಾಗ ದಾರಿಯುದ್ದಕ್ಕೂ ಹಾಡುತ್ತಿದ್ದ ಎಂಬುದು ನೆನಪಾಯಿತು. ಎರಡು ಸಮಾಧಾನದ ಮಾತು ಹೇಳಿದೆ. ಹೇಳುತ್ತಿರುವಾಗಲೇ ನನ್ನ ತಲೆಯಲ್ಲಿ, ಸತ್ತವನ ಹೆಬ್ಬೆಟ್ಟು ಎಲ್ಲಿಂದ ತರಲಿ ಎಂಬ ಲೆಕ್ಕ ನಡೆದಿತ್ತು. ಆ ನಾಚಿಕೆ ಇವತ್ತಿಗೂ ಇದೆ.

ಅಣ್ಣನ ರಸೀದಿಯನ್ನು ತೆಗೆದು ಡಬ್ಬಿ ಮುಂದಿಟ್ಟೆ. ಅವನು ತಲೆ ಅಲ್ಲಾಡಿಸಿದ.

"ಹೆಬ್ಬೆಟ್ಟು ಒಲ್ಲೆ. ಚಿಕ್ಕನರಗುಂದದಿಂದ ಸುದ್ದಿ ಬಂದೈತಿ."

ನನ್ನ ತಾಳ್ಮೆ ಅಲ್ಲಿಗೆ ಹರಿಯಿತು. ಟಾಕನ್ನು ದೌತಿಯಲ್ಲಿ ಅದ್ದಿ ಅವನ ಕೈಗೆ ತುರುಕಿದೆ.

"ಹಂಗಾರ ನೀನ ತೆಗಿ ನಿನ್ನ ನೇಗಿಲಾ. ನಾ ತೆಗದದ್ದು ಸರಕಾರಕ್ಕ ಬ್ಯಾಡಂತ."

ಸಿಟ್ಟಿನಲ್ಲಿ ಅಂದ ಮಾತು. ಅವನು ಅದನ್ನು ಸಿಟ್ಟೆಂದು ತಿಳಿಯಲಿಲ್ಲ. ನೊಗದ ಹತ್ತಿರ ಕುಕ್ಕರುಗಾಲಲ್ಲಿ ಕೂತು ನನ್ನ ನೇಗಿಲನ್ನು ಬಹಳ ಹೊತ್ತು ನೋಡಿದ.

"ನೀವು ತೆಗದದ್ದು ಮಣ್ಣಾಗ ಇಳಿಯೂದಿಲ್ಲರಿ," ಎಂದ. "ಮಕ ಮ್ಯಾಲ ಐತಿ ಇದರದು. ಮತ್ತ ನನ್ನ ಕಡೆ ನೇಗಿಲಾ ಇಲ್ಲ, ರಂಟಿ ಐತಿ."

ಇಪ್ಪತ್ತು ವರ್ಷ ಅಂದವಾಗಿ ತೆಗೆಯುತ್ತ ಬಂದ ನೇಗಿಲಿನ ಮೂತಿ ಆಕಾಶ ನೋಡುತ್ತಿತ್ತು ಎಂದು ಅಂದು ತಿಳಿಯಿತು. ಅವನು ಎದುರಿಗಿದ್ದ ರಂಟೆಯನ್ನು ನೋಡಿ ನೋಡಿ, ಟಾಕನ್ನು ಮುಷ್ಟಿಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಗೆರೆ ಎಳೆದ. ಕಾಗದ ಒಂದು ಕಡೆ ಹರಿಯಿತು, ಒಂದು ಹನಿ ಮಸಿ ಬಿತ್ತು. ಗೆರೆಗಳು ಸೊಟ್ಟಗಿದ್ದವು. ಆದರೆ ಅದು ರಂಟೆಯೇ, ಮೂತಿ ಕೆಳಗೇ ಇತ್ತು. ತೆಗೆದು ಮುಗಿಸಿ ಅವನು ಅದನ್ನು ದೂರ ಹಿಡಿದು ನೋಡಿದ, ಮಕ್ಕಳನ್ನು ನೋಡುವ ಹಾಗೆ.

"ಇದಕ್ಕ ಯಾವ ಸಾವಕಾರನೂ ಹೊಲಾ ಕೇಳೂದಿಲ್ಲ," ಎಂದ.

ಆ ಮಾತಿಗೆ ನನಗೆ ದಾರಿ ಕಾಣಿಸಿತು. ಜನ ಗುರುತು ಕೊಡಲು ಒಲ್ಲೆನ್ನುತ್ತಿರಲಿಲ್ಲ, ಹೆಬ್ಬೆಟ್ಟು ಒಲ್ಲೆನ್ನುತ್ತಿದ್ದರು. ಅವರ ಗುರುತನ್ನು ಅವರ ಕೈಯಿಂದಲೇ ತೆಗೆಸಿದರೆ? ಕಾರಕೂನರು ಕೇಳಿದ್ದು ಹೆಬ್ಬೆಟ್ಟು. ಇದನ್ನು ಒಪ್ಪದಿದ್ದರೆ ಮತ್ತೆ ಅಲೆಯಲು ದಿನವೇ ಉಳಿಯುವುದಿಲ್ಲ. ಎತ್ತುಗಳ ನೆರಳಿನಲ್ಲಿ ಕೂತು ಸ್ವಲ್ಪ ಹೊತ್ತು ಯೋಚಿಸಿದೆ. ಶಾಯಿಯ ಡಬ್ಬಿಯನ್ನು ಮುಚ್ಚಿ ಚೀಲದ ತಳಕ್ಕೆ ಹಾಕಿದೆ. ಮತ್ತೆ ಹೊರಗೆ ತೆಗೆಯಲಿಲ್ಲ.

ಎದ್ದಾಗ ಅಣ್ಣ ಕೇಳಿದ, "ನನ್ನ ತಮ್ಮಂದೂ ಐತೇನು ಅದರಾಗ?"

ತಮ್ಮನ ರಸೀದಿ ತೋರಿಸಿದೆ. ಆರೂವರೆ ರೂಪಾಯಿ, ಪಕ್ಕದಲ್ಲಿ ನನ್ನ ಅಂದದ ನೇಗಿಲು.

"ಕೊಡ್ರಿ, ಅವಂದೂ ನಾನ ತೆಗಿತೀನಿ. ಅವಂದು ಬಿತ್ತೂ ಕೂರಿಗಿ."

ಕೈ ಮುಂದೆ ಮಾಡಿದ. ಕೊಟ್ಟುಬಿಡಬೇಕೆಂದು ಎಷ್ಟು ಆಸೆಯಾಯಿತು ಎಂದು ಹೇಳಲಾರೆ. ಕೊಟ್ಟಿದ್ದರೆ ಮೂವತ್ತೊಂದೂ ಪೂರಾ ಆಗುತ್ತಿದ್ದವು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಒಬ್ಬನ ಗುರುತನ್ನು ಇನ್ನೊಬ್ಬ ತೆಗೆದದ್ದಕ್ಕೇ ನಾನು ಈ ಬಿಸಿಲಿನಲ್ಲಿ ನಿಂತಿದ್ದೆ.

"ಬ್ಯಾಡ," ಎಂದೆ. "ಅವಂದು ಹಂಗ ಇರಲಿ."

ಅವನು ಕೈ ಹಿಂದೆ ತೆಗೆದುಕೊಂಡ. ಮುಖ ಸಣ್ಣದಾಯಿತು. ಎತ್ತುಗಳ ಕಡೆ ಹೋದ.

ಆ ದಿನವೇ ಶಿರೋಳದಲ್ಲಿ ಉಳಿದ ಆರು ಮಂದಿಯೂ ತಮ್ಮ ತಮ್ಮ ಗುರುತು ತೆಗೆದರು. ಕಿರಾಣಿ ಅಂಗಡಿಯವರು ಸಾಕ್ಷಿ ಹಾಕಿದರು. ಮರುದಿನ ಚಿಕ್ಕನರಗುಂದದ ಕಟ್ಟೆಗೆ ಹೋಗಿ ಡಬ್ಬಿಯಿಲ್ಲದೆ ಕೂತೆ. ಮುದುಕ ಬಂದು ಚೀಲದ ಕಡೆ ಅನುಮಾನದಿಂದ ನೋಡಿದ. ವಿಷಯ ಹೇಳಿದೆ. ಅವನು ಹೊಲ ಹರಗುವ ಕುಂಟೆ ತೆಗೆದ. ಬೀಗರ ಊರಿಗೆ ಹೋಗಿದ್ದವನು ಬಂದ, ಬಂಡಿಯೇ ಇಲ್ಲದವನಿಗೆ ಬಂಡಿ ಬಂತು. ಕೂರಿಗೆಗೆ ತಾಳು ಎಷ್ಟು, ನೊಗ ಯಾವ ಕಡೆ ಎಂದು ಒಬ್ಬರದನ್ನು ಒಬ್ಬರು ಹೀಯಾಳಿಸುತ್ತ ಒಂಬತ್ತು ಮಂದಿಯೂ ತೆಗೆದರು. ಒಬ್ಬನು ಮಾತ್ರ ಎಷ್ಟು ಸಲ ಪ್ರಯತ್ನಿಸಿದರೂ ಗೆರೆ ಕೂಡದೆ, ಕೊನೆಗೆ ಒಂದು ಎತ್ತಿನ ಕೊಂಬು ತೆಗೆದು, "ಇಷ್ಟ ನನ್ನ ಆಸ್ತಿ ಅಂತ ಬರಕೊಳ್ರಿ," ಎಂದ.

ಎಂಟನೆಯ ದಿನ ಸವಡಿ. ಪ್ರತಿ ರಸೀದಿಯ ಕೆಳಗೂ ನಾನು ಒಂದು ಸಾಲು ಬರೆದಿದ್ದೆ: ಮೇಲಿನ ನೇಗಿಲು ನನ್ನ ಕೈಯದು, ಕೆಳಗಿನ ಗುರುತು ಹಣ ಪಡೆದವರ ಕೈಯದು. ಸತ್ತವನ ರಸೀದಿಯ ಕೆಳಗೆ ಅವನ ಹೆಸರು, ಅವನ ತಂದೆಯ ಹೆಸರು ಹಿಡಿದು ಬೇರೆಯೇ ಬರೆದಿದ್ದೆ. ಉಮೇದುವಾರರು ಅಳಿಯನಿಂದ ಓದಿಸಿ ಕೇಳಿ ಕೆಂಡವಾದರು.

"ನಿನ್ನ ತಪ್ಪು ನೀನ ಬರದು ಕೊಡತೀಯೇನು? ಹಗ್ಗಾ ಕೊಟ್ಟು ಕೈ ಕಟ್ಟಿಸಿಕೊಂಡಂಗಾತು. ಮತ್ತ ಈ ಸತ್ತಾಂವಂದು ಹರದು ಒಗಿ. ಆರೂವರಿ ರೂಪಾಯಿ ನಾ ನುಂಗತೀನಿ, ಖರ್ಚ ಆಗಿಲ್ಲ ಅನ್ನು."

"ಆಗದ್ದನ್ನ ಬರದ್ರೂ ಸುಳ್ಳ, ಆಗಿದ್ದನ್ನ ಬಿಟ್ರೂ ಸುಳ್ಳರಿ. ನಾಳೆ ಪ್ರಮಾಣ ಮಾಡಾಂವ ನಾನೂ ಅದೀನಿ."

"ಅವರು ಒಪ್ಪದಿದ್ರ?"

"ಇಬ್ಬರೂ ಕೂಡಿ ನಮ್ಮಪ್ಪನಂಗ ಕಟ್ಟಿ ಮ್ಯಾಲೆ ಕುಂದ್ರೂಣು."

ಅವರು ನನ್ನ ಮುಖವನ್ನೇ ನೋಡಿದರು. ನನ್ನ ಎಡಗಣ್ಣು ಸುಮ್ಮನಿತ್ತು. ಒಳಗೆ ಹೋಗಿ ತಾಯಿಯೊಡನೆ ಏನೋ ಮಾತಾಡಿ ಬಂದು, "ನಾಳೆ ಮುಂಜಾನೆ ಬಂಡಿ ಹೂಡಸ್ತೀನಿ," ಎಂದಷ್ಟೇ ಹೇಳಿದರು.

ಒಂಬತ್ತನೆಯ ದಿನ ಕಾರಕೂನರು ಮತ್ತೆ ಮೇಜು ತೆರವು ಮಾಡಿ ಹಾಸಿದರು. ಹದಿನಾಲ್ಕು ಹೆಬ್ಬೆಟ್ಟು. ಹದಿನಾರು ಸೊಟ್ಟ ಚಿತ್ರ. ಬರೀ ನನ್ನ ನೇಗಿಲೇ ಇದ್ದದ್ದು ಒಂದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ನೆನೆದು ನಿಂತಿದ್ದೆ. ಅವರು ಎಲ್ಲವನ್ನೂ ಕೂಡಿಸಿಕೊಂಡು ಒಳಗೆ ಅಧಿಕಾರಿಗಳ ಹತ್ತಿರ ಹೋದರು. ಸ್ವಲ್ಪ ಹೊತ್ತಿಗೆ ನಮ್ಮಿಬ್ಬರನ್ನೂ ಕರೆದರು.

ಅಧಿಕಾರಿಗಳು ಈ ಸೀಮೆಯವರಲ್ಲ. ಒಂದು ರಸೀದಿ ಎತ್ತಿ ಹಿಡಿದು, "ಹೆಬ್ಬೆಟ್ಟು ಯಾಕಿಲ್ಲ?" ಎಂದು ಕೇಳಿದರು.

ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡು ಬಂದಿದ್ದ ಕಾಯಿದೆಯ ಮಾತೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದನ್ನು ಹೇಳಿದೆ. "ಹೆಬ್ಬೆಟ್ಟು ಅಂದ್ರ ಇವರಿಗೆ ಸಾಲದ ಕಾಗದ ರೀ. ಮತದ ಪೆಟಿಗಿ ಮ್ಯಾಲೆ ಚಿತ್ರ ಹಚ್ಚಿ, ಚಿತ್ರ ನೋಡಿ ವೋಟು ಹಾಕ್ರಿ ಅಂತ ಸರಕಾರನ ಕಲಿಸ್ತು. ಚಿತ್ರ ನೋಡಿ ಹಾಕಿದ ವೋಟು ನಡೀತು. ಅವರ ಕೈಯಾಗಿನ ಚಿತ್ರ ನಡಿಯೂದಿಲ್ಲೇನ್ರಿ?"

ಅಧಿಕಾರಿಗಳು ರಸೀದಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಒಂದೊಂದನ್ನೇ ತಿರುವಿದರು. "ಇದೇನು?" "ಕೂರಿಗಿ ರೀ, ಬಿತ್ತಾಕ." "ಇದು?" "ಎತ್ತಿನ ಕೋಡು ರೀ." ತಿರುವುತ್ತ ಸತ್ತವನ ರಸೀದಿಗೆ ಬಂದರು. ಕೆಳಗಿನ ಬರಹವನ್ನು ಎರಡು ಸಲ ಓದಿದರು.

"ಇದನ್ನು ಬರೆಯದೆ ಇದ್ದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ," ಎಂದರು.

"ಹೌದ್ರಿ."

"ಇವರನ್ನು ಪ್ರಮಾಣಕ್ಕೆ ಕಳಿಸಿ," ಎಂದು ಕಾರಕೂನರಿಗೆ ಹೇಳಿ, ಪ್ರತಿಯೊಂದರ ಮೂಲೆಗೂ ತಮ್ಮ ಸಣ್ಣ ಸಹಿ ಹಾಕಿದರು. ನಾವು ಮ್ಯಾಜಿಸ್ಟ್ರೇಟರ ಎದುರು ಪ್ರಮಾಣ ಮಾಡಿ ಹೊರಗೆ ಬಂದೆವು. ನಾನು ಬೇವಿನ ಗಿಡದ ಕೆಳಗೆ ಕೂತುಬಿಟ್ಟೆ. ಬಾಂಡು ಬರೆಯುವವರು ತಾವಾಗಿಯೇ ನೀರು ತಂದುಕೊಟ್ಟರು.

ಅಷ್ಟಕ್ಕೆ ಮುಗಿಯಲಿಲ್ಲ. ತಖ್ತೆ ಕೊಡದವರ, ಸರಿಯಾಗಿ ಕೊಡದವರ ಹೆಸರು ಮೇಲಿನವರಿಗೆ ಹೋಗಿ, ಆಮೇಲೆ ಕಚೇರಿಯ ಹಲಗೆಗೆ ಬರುತ್ತದೆ ಎಂದಿದ್ದರು. ನಾನು ಏನಾದರೂ ನೆಪ ಮಾಡಿಕೊಂಡು ವಾರಕ್ಕೊಮ್ಮೆ ಗಜೇಂದ್ರಗಡದಿಂದ ರೋಣಕ್ಕೆ ಬಂದು ಹಲಗೆ ಓದುತ್ತಿದ್ದೆ. ಕೋಣ ಕಳೆದವರ, ಹರಾಜಿನ ಗಿಡದ, ಸಿಡುಬಿನ ನೋಟೀಸುಗಳೆಲ್ಲ ಬಾಯಿಪಾಠವಾದವು. ಮುಂಗಾರಿನ ಬಿತ್ತಿಗೆ ಮುಗಿದ ಮೇಲೆ ಆ ಪಟ್ಟಿ ಬಂತು. ಮೇಲಿಂದ ಕೆಳಗೆ ಓದಿದೆ, ಕೆಳಗಿಂದ ಮೇಲೆ ಓದಿದೆ. ನಮ್ಮ ಹೆಸರು ಇರಲಿಲ್ಲ. ಅಲ್ಲೇ ನಿಂತು ಅತ್ತುಬಿಟ್ಟೆ. ಯಾರೋ ನನ್ನ ಕೋಣ ಕಳೆದಿದೆ ಎಂದು ತಿಳಿದು ಸಮಾಧಾನ ಹೇಳಿದರು.

ಆಮೇಲೆ ಕೆಲವು ದಿನಕ್ಕೆ ಶಿರೋಳದ ಆ ಅಣ್ಣ ನಮ್ಮ ಅಂಗಡಿಗೆ ಬಂದ. ಹತ್ತಿಯ ಮಾತಿಗೆ ಬಂದಿದ್ದಾನೆಂದುಕೊಂಡೆ. ಅವನು ರುಮಾಲಿನ ತುದಿ ಬಿಚ್ಚಿ ಒಂದು ರೂಪಾಯಿ ತೋರಿಸಿದ.

"ರೂಪಾಯಿ ಕಟ್ಟಿದ್ರ ಆ ಕಾಗದ ಯಾರ ಬೇಕಾದವರು ನೋಡಬೌದಂತಲ್ಲ? ನನಗ ಓದಾಕ ಬರೂದಿಲ್ಲ. ನೀವು ಬರಬೇಕು."

ಹೊಲದಲ್ಲಿ ಕೈ ಹಿಂದೆ ತೆಗೆದುಕೊಂಡವನ ಮುಖ ನೆನಪಾಯಿತು. ನನ್ನ ಮೇಲೆ ಅವನಿಗೆ ಇನ್ನೂ ಸಂಶಯವಿದೆ ಎಂದುಕೊಂಡೇ ಜೊತೆಗೆ ಹೋದೆ. ರೋಣದಲ್ಲಿ ಕಾರಕೂನರು ರೂಪಾಯಿ ತೆಗೆದುಕೊಂಡು, ರಸೀದಿ ಬರೆದುಕೊಟ್ಟು, ಕಟ್ಟು ಬಿಚ್ಚಿ ಮೇಜಿನ ಮೇಲಿಟ್ಟರು. ಇಷ್ಟೊಂದು ತಖ್ತೆಗಳಲ್ಲಿ ನೋಡಲು ಬಂದವನು ಇವನೊಬ್ಬನೇ ಎಂದು ಹೇಳಿದರು.

ಅವನು ತನ್ನ ರಂಟೆಯನ್ನು ತಾನೇ ಗುರುತಿಸಿದ. ಒಮ್ಮೆ ಬೆರಳಿಟ್ಟು ಸರಿಸಿದ. ಅದರ ಕೆಳಗೇ ಇತ್ತು ತಮ್ಮನದು.

"ಈ ನೇಗಿಲಾ ನಿಮ್ದು."

"ಹೌದು, ನಂದ."

"ಕೆಳಗ ಏನ ಬರದೀರಿ?"

ಓದಿದೆ. ತಮ್ಮನ ಹೆಸರು, ತಂದೆಯ ಹೆಸರು, ಶಿರೋಳದವನು. ಈತನು ನಾಲ್ಕು ದಿನ ಬಂಡಿ ಹೊಡೆದು ಆರೂವರೆ ರೂಪಾಯಿ ಪಡೆದದ್ದು ನಿಜ. ಪಡೆದಾಗ ನನ್ನ ಟಾಕು ಮುಟ್ಟಿದನು. ಮೇಲಿನ ನೇಗಿಲು ನಾನು ತೆಗೆದದ್ದು, ಈತನದಲ್ಲ. ಈತನು ಈಗ ಇಲ್ಲದ ಕಾರಣ ಈತನ ಗುರುತು ತರಲು ಆಗಲಿಲ್ಲ. ಈತನ ಬದಲಿಗೆ ಬೇರೆ ಯಾರ ಗುರುತನ್ನೂ ಹಾಕಿಸಿಲ್ಲ.

ಅವನು ರುಮಾಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದ. ಮುಗಿದ ಮೇಲೂ ಕಾಗದವನ್ನೇ ನೋಡುತ್ತಿದ್ದ.

"ಒಂದ ರೂಪಾಯಿಕ ಎಷ್ಟ ಸಲ ಓದಿ ಹೇಳಬೌದರಿ?" ಎಂದು ಕಾರಕೂನರನ್ನು ಕೇಳಿದ.

ಕಾರಕೂನರು ಬರೆಯುತ್ತಿದ್ದ ಕಾಗದದಿಂದ ತಲೆ ಎತ್ತಲಿಲ್ಲ. "ಕಚೇರಿ ಬಾಗಲಾ ಹಾಕೂತನಕ," ಎಂದರು.

"ಹಂಗಾರ ಇನ್ನೊಮ್ಮೆ ಓದ್ರಿ," ಎಂದ ನನಗೆ.

ಓದಿದೆ.